ಯಕೃತ್ತಿಗೆ ಎರಡು ವಿಷ ಒಟ್ಟಿಗೆ ಸೇರಿದರೆ

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ತೊಗರಿ ಹೂ ಬಿಟ್ಟಿತೆಂದರೆ ಕಾಯಿಕೊರಕ ಹುಳುವಿಗೆ ಔಷಧಿ ಹೊಡೆಯುವ ಕಾಲ. ಎರಡು ಮೂರು ಔಷಧಿಗಳನ್ನು ಒಟ್ಟಿಗೆ ಕಲಸಿ ಹೊಡೆಯುವವರೂ ಇದ್ದಾರೆ. ಹುಳು ಬೇಗ ಸಾಯಲಿ ಎಂಬುದು ಅವರ ಲೆಕ್ಕ. ಆದರೆ ಹೊಡೆಯುವವನ ದೇಹದಲ್ಲಿ ಈ ಬೆರಕೆ ಏನು ಮಾಡುತ್ತದೆ?

ದೇಹ ಸೇರಿದ ವಿಷವನ್ನು ಕಳೆಯುವ ಕೆಲಸ ಬಹುಪಾಲು ಯಕೃತ್ತಿನದು. ಸುಮಾರು ಒಂದೂವರೆ ಕಿಲೋ ತೂಗುವ ಈ ಅಂಗದ ಜೀವಕೋಶಗಳಲ್ಲಿ ಗ್ಲುಟಾಥಯೋನ್ ಎಂಬ ರಕ್ಷಕ ವಸ್ತು ಇದೆ. ಒಂದು ವಿಷ ಅದನ್ನು ಖರ್ಚು ಮಾಡಿಬಿಟ್ಟರೆ ಇನ್ನೊಂದನ್ನು ತಡೆಯಲು ದಾಸ್ತಾನು ಉಳಿಯದು. ನಿತ್ಯ ಹೆಚ್ಚು ಮದ್ಯ ಕುಡಿಯುವವರಿಗೆ ಪ್ಯಾರಾಸಿಟಮಾಲ್ ಮಾತ್ರೆ ಹೆಚ್ಚು ಅಪಾಯಕರವಾಗಲು ಇದೂ ಒಂದು ಕಾರಣ.

ಈಗ ವಿಜ್ಞಾನಿಗಳ ಗಮನ ಸೆಳೆದಿರುವುದು ನ್ಯಾನೊ ಕಣಗಳು. ಇವುಗಳ ಗಾತ್ರ 1ರಿಂದ 100 ನ್ಯಾನೊಮೀಟರ್. ತಲೆಗೂದಲಿನ ದಪ್ಪವೇ ಸುಮಾರು 80,000 ನ್ಯಾನೊಮೀಟರ್! ರಕ್ತಕ್ಕೆ ಸೇರಿದ ಇಂಥ ಕಣಗಳಲ್ಲಿ ಹೆಚ್ಚಿನವನ್ನು ಹಿಡಿದಿಡುವುದು ಯಕೃತ್ತಿನ ಕುಪ್ಫರ್ ಜೀವಕೋಶಗಳು. ಕ್ಯಾಡ್ಮಿಯಂ, ಆರ್ಸೆನಿಕ್‌ನಂಥ ವಸ್ತುಗಳು ಕಣದ ಮೈಗೆ ಅಂಟಿಕೊಂಡು ಸವಾರಿ ಮಾಡಿದಂತೆ ಜೀವಕೋಶದೊಳಗೆ ಹೋಗಬಲ್ಲವು. ಆಗ ಹಾನಿ ಒಂದಕ್ಕೊಂದು ಸೇರಿ ಎರಡಲ್ಲ, ಮೂರಾಗಬಹುದು. ಕೆಲವೊಮ್ಮೆ ಕಣವೇ ವಿಷವನ್ನು ಬಿಗಿಹಿಡಿದು ಹಾನಿ ತಗ್ಗಿಸುವುದೂ ಉಂಟು. ಇವು ಹೆಚ್ಚಾಗಿ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲಿನ ಪ್ರಯೋಗಗಳು. ಮನುಷ್ಯರಿಗೂ ಹಾಗೆಯೇ ಆಗುತ್ತದೆಂದು ಹೇಳಲಾಗದು. ಆದರೂ ಟೈಟೇನಿಯಂ ಡೈಆಕ್ಸೈಡ್ ಎಂಬ ಬಿಳಿ ಬಣ್ಣ ಸುರಕ್ಷಿತವೆಂದು ಖಚಿತವಾಗದ ಕಾರಣ ಯುರೋಪ್ ಒಕ್ಕೂಟ ಆಹಾರದಲ್ಲಿ ಅದರ ಬಳಕೆಯನ್ನು 2022ರಲ್ಲಿ ನಿಷೇಧಿಸಿತು.

ಹಾಗೆಂದು ವಾಡಿ, ಶಹಾಬಾದ್, ಆದಿತ್ಯನಗರದ ಓದುಗರು ಸಿಮೆಂಟ್ ಧೂಳನ್ನೆಲ್ಲ ನ್ಯಾನೊ ಕಣವೆಂದು ತಿಳಿಯಬೇಕಿಲ್ಲ. ಅದರ ಬಹುಭಾಗ ಇದಕ್ಕಿಂತ ಎಷ್ಟೋ ದಪ್ಪ; ಅದು ಮೊದಲು ಕಾಡುವುದು ಕಣ್ಣು, ಚರ್ಮ, ಶ್ವಾಸಕೋಶಗಳನ್ನು.

ನಾವು ಮಾಡಬಹುದಾದದ್ದು ಇಷ್ಟು: ಚೀಟಿಯಲ್ಲಿ ಹೇಳದ ಔಷಧಿಗಳನ್ನು ಬೆರೆಸಬೇಡಿ. ಗಾಳಿಗೆ ಎದುರಾಗಿ ಹೊಡೆಯಬೇಡಿ. ಕೈಗವಸು, ಮುಖಕ್ಕೆ ಮಾಸ್ಕ್ ಇರಲಿ. ಮನೆಗೆ ಬಂದೊಡನೆ ಸೋಪು ಹಚ್ಚಿ ಸ್ನಾನ ಮಾಡಿ, ಆ ಬಟ್ಟೆಯನ್ನು ಮಕ್ಕಳ ಬಟ್ಟೆಯೊಂದಿಗೆ ಒಗೆಯಬೇಡಿ. ಖಾಲಿ ಡಬ್ಬಿಯಲ್ಲಿ ನೀರು, ಎಣ್ಣೆ ತುಂಬಬೇಡಿ. ಮೈಕೈ ನೋವೆಂದು ಸಂಜೆ ಕುಡಿದು, ಮೇಲೆ ಮಾತ್ರೆಗಳನ್ನು ನುಂಗುವ ಅಭ್ಯಾಸ ಬಿಡಿ.

ಸಿಂಪಡಿಸುವಾಗ ತಲೆಸುತ್ತು, ವಾಂತಿ, ಕಣ್ಣು ಮಂಜಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಔಷಧಿಯ ಚೀಟಿಯನ್ನೂ ಒಯ್ಯಿರಿ. ಕಣ್ಣು ಹಳದಿಯಾಗಿ ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಕಾಮಾಲೆಯ ನಾಟಿ ಮದ್ದಿಗೆ ಓಡುವ ಮೊದಲು ರಕ್ತಪರೀಕ್ಷೆ ಮಾಡಿಸಿ. ಬಳಲಿದ ಯಕೃತ್ತಿಗೆ ಗೊತ್ತಿಲ್ಲದ ಮದ್ದು ಮತ್ತೊಂದು ಹೊರೆಯಾದೀತು.