ಓಡೋ ಮನೆಯಲ್ಲಿ ಮಗು ಎಲ್ಲಿ ಕೂರಬೇಕು?

ಕ್ಯಾರವಾನ್‌ನಲ್ಲಿ ಮಡಿಕೇರಿಗೆ ಹೊರಟವರ ರೀಲ್ಸ್ ನೋಡಿರ್ತೀರಿ. ಗಾಡಿ ಓಡ್ತಿದೆ, ಮಗು ಹಿಂದಿನ ಹಾಸಿಗೆ ಮೇಲೆ ಕುಣೀತಿದೆ. ನೋಡೋಕೆ ಚೆಂದ, ಆದರೆ ನನಗೆ ಎದೆ ಝಲ್ ಅನ್ನುತ್ತೆ.

ಬಿ.ಕಾಂ. ಓದಿದವನು, ಲೆಕ್ಕ ಹಾಕದೆ ಇರೋಕಾಗಲ್ಲ. ಗಂಟೆಗೆ 50 ಕಿ.ಮೀ. ವೇಗದ ಗಾಡಿ ಡಿಕ್ಕಿ ಹೊಡೆದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, 10 ಕೆ.ಜಿ. ಮಗುವನ್ನು ಹಿಡಿದಿಡೋಕೆ ಸುಮಾರು 140 ಕೆ.ಜಿ. ಎತ್ತುವಷ್ಟು ಬಲ ಬೇಕು. ಯಾವ ಅಪ್ಪ-ಅಮ್ಮನ ತೋಳಿಗೂ ಆಗದ ಮಾತು. ಹಾಗಾಗಿ ಮಡಿಲಲ್ಲಿ ಕೂರಿಸಿಕೊಳ್ಳೋದೂ ಬೇಡ.

ಬುಕ್ ಮಾಡುವಾಗ ಎಲ್ಲರೂ ‘ಎಷ್ಟು ಜನ ಮಲಗಬಹುದು’ ಅಂತ ಕೇಳ್ತೀವಿ. ಮೊದಲು ಕೇಳಬೇಕಾದ್ದು, ಮುಂದಕ್ಕೆ ಮುಖ ಮಾಡಿರುವ, ಬೆಲ್ಟ್ ಇರುವ ಸೀಟು ಎಷ್ಟು ಅಂತ. ಗೋಡೆ ಪಕ್ಕದ ಅಡ್ಡ ಸೋಫಾಗೆ ಚೈಲ್ಡ್ ಸೀಟ್ ಕಟ್ಟಬಾರದು. 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್, ಚೈಲ್ಡ್ ಸೀಟ್ ಯಾವುದೂ ಇಲ್ಲದೆ ಕರ್ಕೊಂಡು ಹೋದರೆ 1,000 ರೂಪಾಯಿ ದಂಡ ಇದೆ. (ಎರಡು ಪಿಜ್ಜಾ ದುಡ್ಡು, ಯಾರು ಹೆದರ್ತಾರೆ!)

ಕುಕ್ಕರ್, ನೀರಿನ ಕ್ಯಾನ್ ಕಟ್ಟಿಡಿ, ಬ್ರೇಕ್ ಹಾಕಿದರೆ ಹಾರಿ ಬರುತ್ತವೆ. ರಾತ್ರಿ ಚಳಿ ಅಂತ ಒಳಗೆ ಸ್ಟವ್, ಇದ್ದಿಲು ಹಚ್ಚಿಟ್ಟು ಮಲಗಲೇಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ, ವಾಸನೆ ಎರಡೂ ಇಲ್ಲ.

ಮಗು ಸೀಟಲ್ಲಿ ಕೂರಲ್ಲ ಅಂತ ಹಠ ಮಾಡಿದರೆ ಗಾಡಿ ನಿಲ್ಲಿಸಿ, ಸ್ವಲ್ಪ ಹೊತ್ತು ಆಡಲಿ. ಮಡಿಕೇರಿಗೆ ಒಂದು ಗಂಟೆ ತಡ ಆಗುತ್ತೆ, ಆಗಲಿ.