ಒಗ್ಗರಣೆಯ ಘಾಟು ಎಷ್ಟು ಸಿಎಫ್ಎಂ?

ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದ ಕೂಡಲೇ ಮನೆಮಂದಿಯೆಲ್ಲ ಕೆಮ್ಮುತ್ತಾರೆ. ಊರಿನಲ್ಲಾದರೆ ಕಿಟಕಿ ತೆರೆದರಾಯಿತು. ಅಟ್ಲಾಂಟಾದ ಹೊರವಲಯದ ಡುಲುತ್‌ನಲ್ಲಿ ಬೇಸಿಗೆಯ ಗಾಳಿ ಒದ್ದೆ ಬಟ್ಟೆಯಂತಿರುತ್ತದೆ. ಕಿಟಕಿ ತೆರೆದರೆ ಏಸಿಯ ತಂಪು ಹೊರಗೆ, ಹೊರಗಿನ ಹಬೆ ಒಳಗೆ. ಆದ್ದರಿಂದ ಘಾಟು ಹೋಗಬೇಕಾದದ್ದು ಒಲೆಯ ಮೇಲಿನ ಹುಡ್‌ನಿಂದ, ಅದರ ಹಿಂದಿನ ತಗಡಿನ ಕೊಳವೆಯಿಂದ.

ಎಷ್ಟು ಹೋಗುತ್ತದೆ ಎಂದು ಲೆಕ್ಕ ಹಾಕುವುದು ಕಷ್ಟವಲ್ಲ. ಕೊಳವೆಯ ಬಾಯಿಯ ವಿಸ್ತೀರ್ಣವನ್ನು ಗಾಳಿಯ ವೇಗದಿಂದ ಗುಣಿಸಬೇಕು; ಗದ್ದೆಯ ಕಾಲುವೆಯಲ್ಲಿ ನೀರಿಗೆ ಹಾಕುವ ಲೆಕ್ಕವೇ ಇದು. ಎಂಟು ಅಂಗುಲ ವ್ಯಾಸದ ಕೊಳವೆಯ ಬಾಯಿ ಸುಮಾರು 0.35 ಚದರ ಅಡಿ. ಅದರಲ್ಲಿ ಗಾಳಿ ನಿಮಿಷಕ್ಕೆ 800 ಅಡಿ ಓಡಿದರೆ ನಿಮಿಷಕ್ಕೆ 280 ಘನ ಅಡಿ ಗಾಳಿ ಸಾಗುತ್ತದೆ. ಈ ‘ನಿಮಿಷಕ್ಕೆ ಘನ ಅಡಿ’ಯನ್ನೇ ಅಮೆರಿಕದ ಮೆಕ್ಯಾನಿಕ್‌ಗಳು ಸಿಎಫ್ಎಂ ಎನ್ನುವುದು.

ಗಾಳಿಯ ವೇಗ ಕಣ್ಣಿಗೆ ಕಾಣುವುದಿಲ್ಲವಲ್ಲ? 1732ರಲ್ಲಿ ಫ್ರಾನ್ಸಿನ ಆಂರಿ ಪಿಟೊ ಸೇನ್ ನದಿಯ ಹರಿವನ್ನು ಅಳೆಯಲು ಬಾಗಿದ ಗಾಜಿನ ನಳಿಗೆಯನ್ನು ನೀರಿಗೆ ಇಳಿಸಿದ. ಹರಿವಿಗೆ ಎದುರಾದ ನಳಿಗೆಯಲ್ಲಿ ನೀರು ಮೇಲೇರಿತು. ಅದೇ ಉಪಾಯ ಇಂದು ಗಾಳಿಕೊಳವೆಗೂ ಬಳಕೆಯಲ್ಲಿದೆ. ಗಾಳಿಯ ತಳ್ಳುವಿಕೆ 0.04 ಅಂಗುಲ ನೀರಿನ ಎತ್ತರದಷ್ಟಿದ್ದರೆ ಅದರ ವರ್ಗಮೂಲ 0.2, ಅದನ್ನು 4005ರಿಂದ ಗುಣಿಸಿದರೆ ವೇಗ ನಿಮಿಷಕ್ಕೆ 801 ಅಡಿ. ಅಂಚಿಗಿಂತ ನಡುವೆ ಗಾಳಿ ಜೋರು, ಹಾಗಾಗಿ ಹಲವು ಕಡೆ ಅಳೆದು ಸರಾಸರಿ ತೆಗೆಯುತ್ತಾರೆ. ಪೆಟ್ಟಿಗೆಯ ಮೇಲೆ 400 ಎಂದು ಅಚ್ಚಾದ ಹುಡ್ ನಿಜದಲ್ಲಿ 280 ಮಾತ್ರ ಎಳೆಯುತ್ತಿದೆ ಎಂಬುದು ಹೀಗೆ ಬಯಲಾಗುತ್ತದೆ.

ಉಳಿದ 120 ಎಲ್ಲಿ ಹೋಯಿತು? ತಿಕ್ಕಾಟದಲ್ಲಿ. ಒಂದೇ ಪ್ರಮಾಣದ ಗಾಳಿಯನ್ನು ಕಿರಿದಾದ ಕೊಳವೆಗೆ ನೂಕಿದರೆ ಪ್ರತಿರೋಧ ಹೆಚ್ಚುಕಡಿಮೆ ವ್ಯಾಸದ ಐದನೇ ಘಾತಕ್ಕೆ ವಿಲೋಮವಾಗಿ ಏರುತ್ತದೆ. ವ್ಯಾಸ ಅರ್ಧವಾದರೆ ಅಡ್ಡಿ 32 ಪಟ್ಟು! ಎಂಟು ಅಂಗುಲದ ಜಾಗದಲ್ಲಿ ಆರು ಅಂಗುಲದ್ದನ್ನು ಸಿಕ್ಕಿಸಿದರೂ ನಾಲ್ಕು ಪಟ್ಟು. ಎರಡು ಅಂಗುಲ ತಾನೇ ಎನ್ನುವವರಿಗೆ ಈ ಗಣಿತ ಗೊತ್ತಿರುವುದಿಲ್ಲ. ಪ್ರತಿ ತಿರುವೂ ಇನ್ನಷ್ಟು ಉದ್ದದ ಕೊಳವೆ ಸೇರಿಸಿದಂತೆ. ಮನೆಯ ಏಸಿಗೂ ಇದೇ ಪಾಡು: ಒಂದು ಟನ್ನಿಗೆ ಸುಮಾರು 400 ಸಿಎಫ್ಎಂ ಬೇಕು, ಆದರೆ ಅಟ್ಟದಲ್ಲಿ ಮೆತ್ತನೆಯ ಫ್ಲೆಕ್ಸ್ ಕೊಳವೆ ಪೂರ್ತಿ ಎಳೆಯದೆ ಸುಕ್ಕುಗಟ್ಟಿ ಮಲಗಿದ್ದರೆ ಕೊನೆಯ ಕೋಣೆಗೆ ತಂಪು ತಲುಪುವುದಿಲ್ಲ. ಯಂತ್ರವನ್ನು ಬೈದು ದೊಡ್ಡದು ತರಿಸುವ ಮೊದಲು ಅಟ್ಟ ಹತ್ತಿ ನೋಡುವುದು ಅಗ್ಗ.

ಇಂಥ ನಿಯಮಗಳನ್ನು ಬರೆಯುವ ಆಶ್ರೇ ಸಂಸ್ಥೆಯ ಪ್ರಧಾನ ಕಚೇರಿ ಡುಲುತ್‌ನ ಪಕ್ಕದಲ್ಲೇ, ಅದೇ ಗ್ವಿನೆಟ್ ಕೌಂಟಿಯ ಪೀಚ್‌ಟ್ರೀ ಕಾರ್ನರ್ಸ್‌ನಲ್ಲಿದೆ. 1894ರಲ್ಲಿ ಹುಟ್ಟಿದ ಎಂಜಿನಿಯರುಗಳ ಸಂಘವೊಂದು ಬೆಳೆದು, ಇನ್ನೊಂದರೊಡನೆ ಕೂಡಿ, 1959ರಲ್ಲಿ ಈ ಹೆಸರು ಪಡೆಯಿತು. ವಾಸದ ಮನೆಗಳಿಗಾಗಿ ಇದು ರೂಪಿಸಿದ 62.2 ಮಾನದಂಡದಂತೆ, ಮನೆಯ ಚದರ ಅಡಿಗಳ ನೂರಕ್ಕೆ ಮೂರು ಪಾಲಿಗೆ, ಮಲಗುಕೋಣೆಗಳ ಸಂಖ್ಯೆಗೆ ಒಂದು ಕೂಡಿ ಏಳೂವರೆಯಿಂದ ಗುಣಿಸಿದ್ದನ್ನು ಸೇರಿಸಬೇಕು. 2500 ಚದರ ಅಡಿಯ, ನಾಲ್ಕು ಮಲಗುಕೋಣೆಯ ಮನೆಗೆ 75 ಮತ್ತು 37.5, ಒಟ್ಟು 112.5 ಸಿಎಫ್ಎಂ ಹೊಸ ಗಾಳಿ. ಬೇಕಾದಾಗ ಹಾಕುವ ಅಡುಗೆಮನೆಯ ಹುಡ್‌ಗೆ ಕನಿಷ್ಠ 100. ಬೇಯಿಸಿದ ತರಕಾರಿಗೆ ಅದು ಸಾಕೇನೋ. ಬ್ಯಾಡಗಿ ಮೆಣಸಿನಕಾಯಿಗೆ ಸಾಲದು.

ಹಾಗೆಂದು 900 ಸಿಎಫ್ಎಂನ ದೈತ್ಯನನ್ನು ತಂದರೆ ಇನ್ನೊಂದು ತಂಟೆ. ಹೊರಹೋದಷ್ಟು ಗಾಳಿ ಎಲ್ಲಿಂದಲೋ ಒಳಬರಲೇಬೇಕು. ಬಿಗಿಯಾಗಿ ಮುಚ್ಚಿದ ಮನೆಯಲ್ಲಿ ಅದು ಗ್ಯಾಸ್ ಗೀಸರಿನ ಹೊಗೆಕೊಳವೆಯಿಂದಲೇ ಹಿಂದಕ್ಕೆ ಇಳಿಯಬಹುದು, ಕಾರ್ಬನ್ ಮಾನಾಕ್ಸೈಡಿನ ಸಮೇತ. ಅದಕ್ಕೇ ಅಂತರರಾಷ್ಟ್ರೀಯ ವಸತಿ ಸಂಹಿತೆ 400 ಮೀರಿದ ಹುಡ್‌ಗಳ ವಿಷಯದಲ್ಲಿ ಬದಲಿ ಗಾಳಿಯ ಏರ್ಪಾಡು ಕೇಳುತ್ತದೆ.

ಈ ಲೆಕ್ಕವೆಲ್ಲ ಕೊಳವೆ ಇದ್ದ ಮನೆಗೆ. ಎಷ್ಟೋ ಅಮೆರಿಕನ್ ಮನೆಗಳಲ್ಲಿ ಒಲೆಯ ಮೇಲಿನ ಮೈಕ್ರೋವೇವ್‌ನ ಫ್ಯಾನು ಘಾಟನ್ನು ಜಾಲರಿಯಲ್ಲಿ ಸೋಸಿದಂತೆ ಮಾಡಿ ನಿಂತವರ ಹಣೆಗೇ ಊದುತ್ತದೆ. ಹೊರಹೋಗುವ ಗಾಳಿ ಸೊನ್ನೆ ಸಿಎಫ್ಎಂ. ಅಂಥ ಮನೆಗಳಲ್ಲಿ ಕರಿಯುವ ಬಾಣಲೆ, ಕರೆಂಟ್ ಒಲೆ ಎರಡೂ ಗ್ಯಾರೇಜಿಗೆ ವಲಸೆ ಹೋಗಿರುತ್ತವೆ, ಬಾಗಿಲು ಅರ್ಧ ಎತ್ತಿರುತ್ತದೆ.