ಚಪ್ಪಲಿಗಳ ಹಾಜರಿ

ಬೆಳಗ್ಗೆ ಒಂಬತ್ತೂವರೆಗೆ ಸ್ವಲ್ಪ ಮೊದಲೇ ಆ ಅಂಗನವಾಡಿ ತಲುಪಿದ್ದೆ. ಮೈಸೂರು ಸೀಮೆಯ ಒಂದು ಊರು. ಬಸ್ ಇಳಿದು ಹತ್ತು ನಿಮಿಷ ನಡೆದರೆ ಒಂದು ನೀರಿನ ತೊಂಬೆ, ಅದರ ಪಕ್ಕದಲ್ಲಿ ಹಳದಿ ಬಣ್ಣದ, ಒಂದೇ ಕೋಣೆಯ ಕಟ್ಟಡ. ರಾಜ್ಯದ ಅಂಗನವಾಡಿಗಳು ಮೊದಲು ಕಣ್ಣು ಬಿಟ್ಟದ್ದು ಈ ಜಿಲ್ಲೆಯಲ್ಲೇ. 1975ರ ಅಕ್ಟೋಬರ್ 2ರಂದು ತಿ. ನರಸೀಪುರದಲ್ಲಿ ನೂರು ಕೇಂದ್ರಗಳು ಶುರುವಾದವು. ಈ ಕಟ್ಟಡ ಅಷ್ಟು ಹಳೆಯದಲ್ಲ. ಇದನ್ನು ನಡೆಸುವ ಟೀಚರ್ ಮಾತ್ರ ಈ ಕೆಲಸಕ್ಕೆ ಬಂದು ಇಪ್ಪತ್ತೆಂಟು ವರ್ಷವಾಯಿತಂತೆ.

ಹೊಸ್ತಿಲ ಹೊರಗೆ ಪುಟ್ಟ ಚಪ್ಪಲಿಗಳ ಸಾಲು. ಒಳಗೆ ಹೋಗುವ ಪ್ರತಿ ಮಗುವೂ ತನ್ನ ಜೊತೆಯನ್ನು ಸರಿಯಾಗಿ ಜೋಡಿಸಿಟ್ಟೇ ಹೋಗಬೇಕು. ಎಡ ಯಾವುದು ಬಲ ಯಾವುದು ಎಂಬ ಪಾಠ ಅಲ್ಲೇ ಮುಗಿಯುತ್ತದೆ. ನಾನು ಎಣಿಸಿದೆ, ಹದಿಮೂರು ಜೊತೆ. ನನ್ನ ಕಣ್ಣಿಗೆ ಎಲ್ಲವೂ ಒಂದೇ ಥರದ ಪ್ಲಾಸ್ಟಿಕ್ ಚಪ್ಪಲಿಗಳು. ಟೀಚರ್ ಬಾಗಿಲಿಗೆ ಬಂದು ಸಾಲಿನ ಮೇಲೆ ಕಣ್ಣಾಡಿಸಿದವರೇ, ‘ಪಿನ್ನು ಹಾಕಿದ ಕೆಂಪು ಚಪ್ಪಲಿ ಇವತ್ತೂ ಬರಲಿಲ್ಲವಲ್ಲ’ ಎಂದು ಸಹಾಯಕಿಗೆ ಹೇಳಿದರು. ಹಾಜರಿ ಪುಸ್ತಕ ಇನ್ನೂ ತೆರೆದಿರಲಿಲ್ಲ.

ಒಳಗೆ ಹೋದೆ. ಗೋಡೆಗೆ ಸುತ್ತಲೂ ನನ್ನ ಸೊಂಟದ ಎತ್ತರದವರೆಗೆ ಕಪ್ಪು ಬಣ್ಣ ಬಳಿದಿದ್ದಾರೆ, ಮಕ್ಕಳ ಕೈಗೆ ಎಟಕುವಷ್ಟು. ಹಣ್ಣು, ಹಕ್ಕಿಗಳ ಚಿತ್ರಗಳೂ ತೀರಾ ಕೆಳಗಿವೆ. ಯಾಕಿಷ್ಟು ಕೆಳಗೆ ಎಂದುಕೊಂಡು ಜಮಖಾನದ ಮೇಲೆ ಕೂತಾಗ ತಿಳಿಯಿತು: ಕೂತರೆ ಚಿತ್ರಗಳೆಲ್ಲ ಕಣ್ಣಿಗೆ ನೇರ.

ಎಡಮೂಲೆಯಲ್ಲಿ ಒಂದು ಮಗು ಹುಣಸೆಬೀಜವನ್ನೂ ಬಾಟಲಿ ಮುಚ್ಚಳಗಳನ್ನೂ ಬೇರೆ ಬೇರೆ ಮಾಡುತ್ತಿತ್ತು. ಎರಡೇ ಬೆರಳಲ್ಲಿ ಬೀಜ ಎತ್ತುವ ಕೆಲಸ. ಬೀಜ ಜಾರುತ್ತಿತ್ತು, ಮಗು ಮತ್ತೆ ಎತ್ತುತ್ತಿತ್ತು. ಅಕ್ಷರ ಯಾವಾಗ ಕಲಿಸುತ್ತೀರಿ ಎಂದು ಕೇಳಿದೆ.

‘ಮೊದಲು ಬೆರಳು ಗಟ್ಟಿಯಾಗಲಿ ಸಾರ್. ಈಗಲೇ ಬಳಪ ಹಿಡಿಸಿದ್ರೆ ಕೈ ನೋಯುತ್ತೆ. ಕೈ ನೋಯಿಸಿದ ಅಕ್ಷರದ ಮೇಲೆ ಮಗೂಗೆ ಪ್ರೀತಿ ಹುಟ್ಟಲ್ಲ.’

ನನ್ನ ಪ್ರಶ್ನೆಯಲ್ಲೇ ಅವಸರವಿತ್ತು ಎಂದು ಆಗ ಅನಿಸಿತು.

ಎದುರು ಗೋಡೆಯ ಬಳಿ ತೂಕದ ಯಂತ್ರ, ಮೊಳೆಗೆ ನೇತುಹಾಕಿದ ಮೂರು ಬಣ್ಣದ ಪಟ್ಟಿ. ಎಳೆಯ ಮಕ್ಕಳ ತೋಳಿನ ಸುತ್ತಳತೆ ನೋಡುವ ಪಟ್ಟಿ ಅದು. 12.5 ಸೆಂಟಿಮೀಟರಿಗಿಂತ ಕಡಿಮೆಯಾದರೆ ಹಳದಿ, 11.5ಕ್ಕಿಂತ ಕಡಿಮೆಯಾದರೆ ಕೆಂಪು. ತಿಂಗಳಿಗೊಮ್ಮೆ ತೂಕ ನೋಡಿ ಬೆಳವಣಿಗೆ ನಕ್ಷೆಯಲ್ಲಿ ಚುಕ್ಕೆ ಇಡುತ್ತಾರೆ. ಒಂದು ನಕ್ಷೆಯಲ್ಲಿ ಎರಡು ತಿಂಗಳ ಚುಕ್ಕೆಗಳು ಮೇಲೇರದೆ ಒಂದೇ ಮಟ್ಟದಲ್ಲಿದ್ದವು. ಟೀಚರ್ ಆ ಮನೆಗೆ ಹೋಗಿ ನೋಡಿದ್ದಾರೆ. ತಾಯಿ ಬೆಳಗ್ಗೆ ಆರಕ್ಕೇ ಕಬ್ಬು ಕಡಿಯಲು ಹೊರಡುತ್ತಾಳೆ. ಅಜ್ಜಿಗೆ ಕಣ್ಣು ಮಂದ. ಮಗು ಖಾಲಿ ಹೊಟ್ಟೆಯಲ್ಲಿ ಬರುತ್ತಿತ್ತು. ಈಗ ಅದು ಬಂದ ಕೂಡಲೇ, ಹಾಡಿಗೂ ಮೊದಲು, ತಿನ್ನಲು ಕೊಡುತ್ತಾರೆ. ಮುಂದಿನ ಚುಕ್ಕೆ ಮೇಲೇರುತ್ತದೋ ಇಲ್ಲವೋ ನನಗೆ ಹೇಳಲು ಬಾರದು. ಪುಸ್ತಕದಲ್ಲಿ ತೂಕ ಬರೆಯಲು ಜಾಗವಿತ್ತು. ಅಜ್ಜಿಯ ಕಣ್ಣಿನ ವಿಷಯ ಬರೆಯುವ ಜಾಗ ನನಗೆ ಕಾಣಲಿಲ್ಲ. ಅದು ಟೀಚರ ತಲೆಯಲ್ಲಿದೆ.

ಪಕ್ಕದ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಸಹಾಯಕಿ ಹಾಲಿನ ಪುಡಿ ಕದಡುತ್ತಿದ್ದರು. 2013ರಲ್ಲಿ ಬಂದ ಕ್ಷೀರಭಾಗ್ಯದಂತೆ ಮಗುವಿಗೆ 150 ಮಿಲಿಲೀಟರ್ ಹಾಲು. ಮಧ್ಯಾಹ್ನ ಇಬ್ಬರು ಬಸುರಿಯರು ಊಟಕ್ಕೆ ಬಂದರು. 2017ರಲ್ಲಿ ಶುರುವಾದ ಮಾತೃಪೂರ್ಣದ ಊಟ. ಅವರಲ್ಲೊಬ್ಬಳು ತಟ್ಟೆಯ ಅಂಚಿಗೆ ಸೊಪ್ಪು ಸರಿಸುವುದನ್ನು ಟೀಚರ್ ನೋಡಿಬಿಟ್ಟರು.

‘ಮೂರು ವರ್ಷದವಳಿದ್ದಾಗಲೂ ಹೀಗೇ ಎತ್ತಿಡ್ತಿದ್ದೆ. ಈಗಲೂ ಅಷ್ಟೇನಾ? ತಿನ್ನು ಮಗಾ.’

ಅವಳು ನಾಚಿ ತಿಂದಳು.

ಊಟವಾದ ಮೇಲೆ ಮಕ್ಕಳು ಮಲಗಿದವು. ಟೀಚರ್ ಗೋಡೆಗೊರಗಿ ಮೊಬೈಲ್ ತೆಗೆದು ಅಂದಿನ ಲೆಕ್ಕ ತುಂಬತೊಡಗಿದರು. ನಡುನಡುವೆ ತಮ್ಮ ಕತೆ ಹೇಳಿದರು. ಕೆಲಸಕ್ಕೆ ಬಂದ ಹೊಸದರಲ್ಲಿ ಕಟ್ಟಡ ಇರಲಿಲ್ಲ. ಗುಡಿಯ ಜಗುಲಿಯಲ್ಲಿ ಮಕ್ಕಳನ್ನು ಕೂರಿಸುತ್ತಿದ್ದರು. ಮಳೆ ಬಂದರೆ ಒಂದು ಕೈಯಲ್ಲಿ ತೀರಾ ಚಿಕ್ಕ ಮಗು, ಇನ್ನೊಂದು ಕೈಯಲ್ಲಿ ಹಾಜರಿ ಪುಸ್ತಕ. ಆಮೇಲೆ ಯಾರದೋ ದನದ ಕೊಟ್ಟಿಗೆಯ ಪಕ್ಕ ಬಾಡಿಗೆ ಕೋಣೆ. ಅವರ ಸ್ವಂತ ಮಕ್ಕಳೂ ಇದೇ ಜಮಖಾನದ ಮೇಲೆ ಬೆಳೆದವು. ಇಷ್ಟು ವರ್ಷ ದುಡಿದರೂ ಕೈಗೆ ಬರುವುದು ಸಂಬಳವಲ್ಲ, ಗೌರವಧನ. ಮಗುವಿನ ಮೊದಲ ಹಾಡು, ಮೊದಲ ಗೆರೆ, ಮೊದಲ ತೂಕ ಎಲ್ಲವನ್ನೂ ನೋಡಿಕೊಳ್ಳುವ ಕೆಲಸಕ್ಕೆ ಸಂಬಳ ಎಂಬ ಹೆಸರೇ ಸಿಗಬೇಕು. ಆ ಕೋಣೆಯಲ್ಲಿ ಒಂದು ದಿನ ಕೂತವರಿಗೆ ಬೇರೆ ಥರ ಅನಿಸಲಾರದು.

ನಾಲ್ಕು ಗಂಟೆಗೆ ಚಪ್ಪಲಿ ಸಾಲು ಕರಗಿತು. ಒಂದು ಮಗು ಎಡಬಲ ಅದಲುಬದಲು ಮಾಡಿಕೊಂಡು ಓಡಿತು. ಟೀಚರ್ ಕರೆದು ನಿಲ್ಲಿಸಿದರು, ತಾವು ತೊಡಿಸಲಿಲ್ಲ. ಮಗು ತಾನೇ ನೋಡಿ ಬದಲಿಸಿಕೊಳ್ಳುವವರೆಗೂ ಕಾದರು. ಬೀಗ ಹಾಕಿದ ಮೇಲೆ ಇಬ್ಬರೂ ತೊಂಬೆಯವರೆಗೆ ಒಟ್ಟಿಗೆ ನಡೆದೆವು. ಬಸ್ಸಿಗೆ ಬಲಕ್ಕೆ ತಿರುಗಬೇಕು. ಅವರ ಮನೆಯ ದಾರಿಯೂ ಅದೇ ಎಂದು ಬೆಳಗ್ಗೆ ಹೇಳಿದ್ದರು. ಆದರೆ ಅವರು ಎಡಕ್ಕೆ ತಿರುಗಿದರು.

‘ನೀವು ಹೊರಡಿ ಸಾರ್. ಕೆಂಪು ಚಪ್ಪಲಿಯವಳಿಗೆ ಜ್ವರವೇನೋ, ನೋಡಿಕೊಂಡು ಹೋಗ್ತೀನಿ.’